ಗೋಡೆಯ ಮೇಲಿನ ಮನೆ: ಮುದ್ರಿತ ‘ಸೀನರಿ’ ಪಟಗಳಲ್ಲಿ ಮನೆಯ ಪರಿಕಲ್ಪನೆ (ಚಂದ್ರಂಪಳ್ಳಿ ಪರಿಸರವನ್ನು ಅನುಲಕ್ಷಿಸಿ)

ಪ್ರಸ್ತಾವನೆ

ಕರ್ನಾಟಕದ ಕಲಾವಿಮರ್ಶೆಯಲ್ಲಿ ಭೂದೃಶ್ಯವೆಂದೊಡನೆ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳು, ರುಮಾಲೆ ಚನ್ನಬಸವಯ್ಯನವರ ಹೂಮರಗಳ ಚಿತ್ರಗಳು ಮೊದಲು ನೆನಪಾಗುತ್ತವೆ. ಈ ಪರಂಪರೆಯ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕಲಬುರಗಿ ಸೀಮೆಯ ಹಳ್ಳಿ ಮತ್ತು ತಾಂಡಾಗಳ ಬಹುಪಾಲು ಜನರು ತಮ್ಮ ಬದುಕಿನಲ್ಲಿ ದಿನನಿತ್ಯ ಕಂಡ ಭೂದೃಶ್ಯ ಇದಲ್ಲ. 1980ರ ದಶಕದಿಂದ ಹೊಸ ಶತಮಾನದ ಆರಂಭದವರೆಗೆ ಸಂತೆ, ಜಾತ್ರೆ, ಬಸ್ ನಿಲ್ದಾಣದ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಬಣ್ಣದ ‘ಸೀನರಿ’ ಪಟವೇ ಅವರ ಪಾಲಿನ ಭೂದೃಶ್ಯವಾಗಿತ್ತು. ಹಿಮದ ಬೆಟ್ಟ, ಅದರಡಿಯಲ್ಲಿ ನಿಂತ ನೀರು, ದಡದಲ್ಲಿ ಇಳಿಜಾರು ಮಾಡಿನ ಒಂದು ಮನೆ, ಮುಂದೆ ಹೂಗಿಡಗಳು, ಬಾಗಿಲಿಗೆ ಹೋಗುವ ಕಾಲುದಾರಿ, ಕೆಳಗೆ ಇಂಗ್ಲಿಷಿನಲ್ಲಿ ಒಂದು ಸದುಕ್ತಿ: ಇದು ಆ ಪಟದ ಸಾಮಾನ್ಯ ರೂಪ.

ಮುದ್ರಿತ ಚಿತ್ರಗಳ ಬಗ್ಗೆ ಕಳೆದ ಮೂರು ದಶಕಗಳಲ್ಲಿ ಗಂಭೀರ ಅಧ್ಯಯನಗಳು ನಡೆದಿವೆ. ಕ್ರಿಸ್ಟೋಫರ್ ಪಿನ್ನಿ ಅವರ ‘ಫೋಟೋಸ್ ಆಫ್ ದಿ ಗಾಡ್ಸ್’ (2004), ಕಜ್ರಿ ಜೈನ್ ಅವರ ‘ಗಾಡ್ಸ್ ಇನ್ ದಿ ಬಜಾರ್’ (2007) ಇವುಗಳಲ್ಲಿ ಮುಖ್ಯವಾದವು. ಶೀರ್ಷಿಕೆಗಳೇ ಸೂಚಿಸುವಂತೆ ಇವುಗಳ ಕೇಂದ್ರದಲ್ಲಿರುವುದು ದೇವರ ಪಟಗಳು. ದೇವರಿಲ್ಲದ, ಮನುಷ್ಯರೂ ಇಲ್ಲದ ಸೀನರಿ ಪಟಕ್ಕೆ ಅಷ್ಟು ಗಮನ ಸಿಕ್ಕಿಲ್ಲ. ಅದರ ಬಗ್ಗೆ ಸಾಮಾನ್ಯವಾಗಿ ಎರಡು ತೀರ್ಮಾನಗಳು ಕೇಳಿಬರುತ್ತವೆ. ಕಲಾವಿಮರ್ಶೆ ಅದನ್ನು ಅಗ್ಗದ ಅಭಿರುಚಿಯೆಂದು ಬದಿಗಿಡುತ್ತದೆ. ಸಮಾಜವಿಜ್ಞಾನ ಅದನ್ನು ಪಾಶ್ಚಾತ್ಯೀಕರಣದ ಕುರುಹೆಂದು ಓದುತ್ತದೆ. ಎರಡೂ ತೀರ್ಮಾನಗಳು ಪಟವನ್ನು ಅಂಗಡಿಯಲ್ಲಿ ನೋಡುತ್ತವೆಯೇ ಹೊರತು ಅದು ತೂಗಿದ ಗೋಡೆಯ ಮೇಲೆ ನೋಡುವುದಿಲ್ಲ. ಪಟದೊಳಗಿನ ಮನೆಯನ್ನು ಪಟ ತೂಗಿದ ಮನೆಯೊಂದಿಗೆ ಇಟ್ಟು ಓದಿದರೆ ದೊರೆಯುವ ಅರ್ಥವೇ ಬೇರೆ ಎಂಬುದನ್ನು ಈ ಲೇಖನ ಸ್ಥಾಪಿಸಲು ಯತ್ನಿಸುತ್ತದೆ. ಅದಕ್ಕಾಗಿ ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಹಾಗೂ ಅದರ ಸುತ್ತಲ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಪರಿಸರವನ್ನು ಆಯ್ದುಕೊಳ್ಳಲಾಗಿದೆ.

1. ಪದ ಮತ್ತು ಪಟದ ವಿನ್ಯಾಸ

‘ಭೂದೃಶ್ಯ’, ‘ನಿಸರ್ಗಚಿತ್ರ’ ಎಂಬ ಪದಗಳು ಆಧುನಿಕ ಕಾಲದಲ್ಲಿ ರೂಪುಗೊಂಡವು. ಜನಬಳಕೆಯಲ್ಲಿ ಉಳಿದದ್ದು ‘ಸೀನರಿ’ ಎಂಬ ಪದವೇ. ವೃತ್ತಿರಂಗಭೂಮಿಯ ಕಂಪನಿಗಳು ಕಾಡು, ಬೀದಿ, ಅರಮನೆಗಳ ಪರದೆಗಳನ್ನು ಹಿಂದೆ ಇಳಿಬಿಟ್ಟು ಆಟ ಆಡಿದವು. ಪಟ್ಟಣಗಳ ಫೋಟೋ ಸ್ಟುಡಿಯೋಗಳು ಅಂಥದೇ ಪರದೆಗಳ ಮುಂದೆ ಜನರನ್ನು ನಿಲ್ಲಿಸಿದವು. ಎರಡೂ ಕಡೆ ಸೀನರಿಯೆಂದರೆ ಮನುಷ್ಯನ ಹಿಂದೆ ಇರುವ ದೃಶ್ಯ. ಪರದೆಯ ಮುಂದೆ ಯಾರಾದರೂ ಬಂದು ನಿಂತಾಗಲೇ ಅದು ಪೂರ್ಣವಾಗುತ್ತದೆ. ಮುದ್ರಿತ ಪಟ ಈ ಪದವನ್ನು ಎತ್ತಿಕೊಂಡಾಗ ಅದರೊಂದಿಗೆ ಈ ನಿರೀಕ್ಷೆಯೂ ಬಂದಿತು. ಪಟದಲ್ಲಿ ಜನರಿಲ್ಲದಿರುವುದನ್ನು ಕೊರತೆಯೆಂದು ಭಾವಿಸುವ ಮೊದಲು ಈ ಹಿನ್ನೆಲೆಯನ್ನು ಗಮನಿಸಬೇಕು.

ಪಟದ ರಚನೆಯಲ್ಲಿ ಇನ್ನೊಂದು ವೈಶಿಷ್ಟ್ಯವಿದೆ. ಅನೇಕ ಸೀನರಿಗಳು ಒಂದೇ ಸ್ಥಳದ ಛಾಯಾಚಿತ್ರಗಳಲ್ಲ. ಬೆಟ್ಟ ಒಂದು ಕಡೆಯದು, ಕೆರೆ ಇನ್ನೊಂದು ಕಡೆಯದು, ಹೂವಿನ ಮಡಿ ಮತ್ತೆಲ್ಲಿಯದೋ. ನೆರಳುಗಳು ಬೇರೆ ಬೇರೆ ದಿಕ್ಕಿಗೆ ಬೀಳುತ್ತವೆ. ಹಿಮ ಸುರಿದ ಬೆಟ್ಟದ ಬುಡದಲ್ಲಿ ವಸಂತದ ಹೂ ಅರಳಿರುತ್ತದೆ. ವಾಸ್ತವವಾದಿ ದೃಷ್ಟಿಗೆ ಇದು ದೋಷ. ಜಾನಪದ ಅಧ್ಯಯನಕ್ಕೆ ಇದು ಪರಿಚಿತವಾದ ಕ್ರಮ. ಜನಪದ ಕಥೆಯೂ ಹೀಗೆಯೇ ಆಶಯಗಳನ್ನು ಜೋಡಿಸುತ್ತದೆ. ಏಳು ಸಮುದ್ರದಾಚೆಯ ಅರಮನೆ, ಮಾತನಾಡುವ ಗಿಳಿ, ಒಂಟಿ ಮುದುಕಿಯ ಗುಡಿಸಲು ಇವು ಭೂಪಟದಲ್ಲಿ ಒಂದೆಡೆ ಇರಲಾರವು, ಕಥೆಯಲ್ಲಿ ಇರುತ್ತವೆ. ಸೀನರಿಯೂ ಬೆಟ್ಟ, ನೀರು, ದಾರಿ, ಮನೆ, ಹಕ್ಕಿ ಎಂಬ ಕೆಲವೇ ಆಶಯಗಳ ಜೋಡಣೆ. ಶಾಲೆಯ ಮಕ್ಕಳು ಚಿತ್ರ ಬರೆಯಲು ಕುಳಿತಾಗ ಎರಡು ಬೆಟ್ಟ, ನಡುವೆ ಸೂರ್ಯ, ಹರಿಯುವ ಹೊಳೆ, ಒಂದು ಮನೆ, ಒಂದು ತೆಂಗಿನ ಮರ ಬರೆಯುವುದೂ ಇದೇ ಜೋಡಣೆಯ ಇನ್ನೊಂದು ಪಾಠಾಂತರ. ಬಯಲುಸೀಮೆಯ, ಬೆಟ್ಟವನ್ನೇ ಕಾಣದ ಊರಿನ ಮಕ್ಕಳೂ ಇದನ್ನೇ ಬರೆಯುತ್ತಾರೆ. ಆದುದರಿಂದ ‘ಇದು ಯಾವ ದೇಶದ ಮನೆ?’ ಎಂಬ ಪ್ರಶ್ನೆಗಿಂತ ‘ಈ ಜೋಡಣೆಯಲ್ಲಿ ಮನೆಯ ಸ್ಥಾನ ಯಾವುದು?’ ಎಂಬ ಪ್ರಶ್ನೆ ಹೆಚ್ಚು ಫಲಕಾರಿ.

2. ಕಲ್ಲಿನ ಮನೆ, ಕಲ್ಲಿನ ಅಚ್ಚು

ಸೇಡಂ, ಚಿತ್ತಾಪುರ, ಶಹಾಬಾದ ಸೀಮೆಯ ನೆಲದಡಿಯಲ್ಲಿ ಪದರಪದರವಾಗಿ ಏಳುವ ಸುಣ್ಣಕಲ್ಲು ಹರಡಿದೆ. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾವರ್ಗಕ್ಕೆ ಸೇರಿಸುತ್ತಾರೆ. ಮಾರುಕಟ್ಟೆ ಇದನ್ನು ಶಹಾಬಾದ ಕಲ್ಲೆನ್ನುತ್ತದೆ. ಜನ ಪರಸಿ ಎನ್ನುತ್ತಾರೆ. ಈ ಸೀಮೆಯ ಹಳೆಯ ಮನೆಗಳಲ್ಲಿ ಗೋಡೆಗೂ ಪರಸಿ, ನೆಲಕ್ಕೂ ಪರಸಿ, ಎಷ್ಟೋ ಕಡೆ ಮಾಳಿಗೆಗೂ ಪರಸಿ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ 1990ರ ದಶಕದಿಂದ ನಡೆದ ಉತ್ಖನನದಲ್ಲಿ ಬೆಳಕಿಗೆ ಬಂದ ಬೌದ್ಧ ಸ್ತೂಪದ ಶಿಲ್ಪಫಲಕಗಳೂ ಸುಣ್ಣಕಲ್ಲಿನವೇ. ‘ರಾಯೋ ಅಸೋಕೋ’ ಎಂಬ ಬರಹವುಳ್ಳ ಅಶೋಕನ ಫಲಕ ಅವುಗಳಲ್ಲಿ ಪ್ರಸಿದ್ಧವಾದುದು. ಆ ಫಲಕಗಳಲ್ಲಿ ಮರ, ಕಟ್ಟಡಗಳು ಬಹುಮಟ್ಟಿಗೆ ಮನುಷ್ಯರ ಜೊತೆಗೂಡಿಯೇ ಬರುತ್ತವೆ ಎಂಬುದು ಇಲ್ಲಿ ಪ್ರಸ್ತುತ. ಮನುಷ್ಯರಿಲ್ಲದ ದೃಶ್ಯವನ್ನು ದೃಶ್ಯಕ್ಕಾಗಿಯೇ ನೋಡುವ ರೂಢಿ ಈ ನೆಲಕ್ಕೆ ತಡವಾಗಿ ಬಂದದ್ದು, ಮುದ್ರಣದ ಮೂಲಕ ಬಂದದ್ದು.

ಆ ಮುದ್ರಣದ ಮೂಲವೂ ಸುಣ್ಣಕಲ್ಲೇ ಎಂಬುದು ಗಮನಾರ್ಹ. 1790ರ ದಶಕದ ಕೊನೆಯಲ್ಲಿ ಅಲೋಯಿಸ್ ಸೆನೆಫೆಲ್ಡರ್ ಬವೇರಿಯಾದಲ್ಲಿ ಕಂಡುಹಿಡಿದ ಶಿಲಾಮುದ್ರಣಕ್ಕೆ ಸೋಲ್ನ್‌ಹೋಫೆನ್ನಿನ ನುಣುಪಾದ ಸುಣ್ಣಕಲ್ಲು ಆಧಾರವಾಗಿತ್ತು. ಜಿಡ್ಡು ಮತ್ತು ನೀರು ಒಂದನ್ನೊಂದು ಒಲ್ಲವು. ಜಿಡ್ಡಿನಿಂದ ಬರೆದ ಭಾಗ ಮಸಿಯನ್ನು ಹಿಡಿಯುತ್ತದೆ, ನೀರು ಹೀರಿದ ಭಾಗ ಬಿಡುತ್ತದೆ. 1894ರಲ್ಲಿ ಆರಂಭವಾದ ರವಿವರ್ಮ ಮುದ್ರಣಾಲಯ ಈ ತಂತ್ರದಿಂದಲೇ ಬಣ್ಣದ ಪಟಗಳನ್ನು ಮನೆಮನೆಗೆ ತಲುಪಿಸಿತು. ಆ ಪಟಗಳಲ್ಲಿ ಲಕ್ಷ್ಮಿ, ಸರಸ್ವತಿಯರ ಹಿಂದೆ ಕೆರೆ, ಕಾಡು, ಬೆಟ್ಟಗಳು ಕಾಣಿಸಿಕೊಂಡವು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರು ಮಾಡಿದ ಎಸ್.ಎಂ. ಪಂಡಿತರ ಕ್ಯಾಲೆಂಡರ್ ಚಿತ್ರಗಳು ಈ ಹಿನ್ನೆಲೆಗೆ ಇನ್ನಷ್ಟು ಆಳ, ನೆರಳು, ಮೈಕಟ್ಟುಗಳನ್ನು ಕೊಟ್ಟವು. ಶಿವಕಾಶಿಯಂಥ ಕೇಂದ್ರಗಳ ಆಫ್‌ಸೆಟ್ ಯಂತ್ರಗಳು ಕಲ್ಲಿನ ಬದಲು ಲೋಹದ ಹಾಳೆ ಬಳಸಿದವಾದರೂ ತತ್ತ್ವ ಅದೇ. ಸೀನರಿ ಪಟವನ್ನು ಈ ಪರಂಪರೆಯ ಕೊನೆಯ ಹಂತವೆಂದು ಕಾಣಬಹುದು: ದೇವತೆ ಪಟದಿಂದ ಎದ್ದುಹೋದ ಮೇಲೆ ಉಳಿದ ಹಿನ್ನೆಲೆ ಅದು. ದೇವತೆ ಇದ್ದ ಜಾಗಕ್ಕೆ ಬಂದು ಕುಳಿತದ್ದು ಮನೆ.

ಮನೆಯ ಈ ಸ್ಥಾನಾಂತರ ಪಟ ತೂಗುವ ಕ್ರಮದಲ್ಲಿಯೂ ಕಾಣುತ್ತದೆ. ದೇವರ ಪಟಕ್ಕೆ ಜಗುಲಿ, ಮಾಡ, ಪೂಜೆ ಇವೆ. ಹಿರಿಯರ ಭಾವಚಿತ್ರಕ್ಕೆ ಹಾರವಿದೆ. ಸೀನರಿಗೆ ಇವೆರಡೂ ಇಲ್ಲ. ಅದು ಪಡಸಾಲೆಯಲ್ಲಿ, ಬಂದವರಿಗೆ ಎದುರಾಗುವ ಗೋಡೆಯ ಮೇಲೆ, ತಲೆಗಿಂತ ಎತ್ತರದಲ್ಲಿ, ಮುಂದಕ್ಕೆ ಸ್ವಲ್ಪ ಬಾಗಿದಂತೆ ತೂಗುತ್ತದೆ. ಕಿಟಕಿಗಳು ಕಡಿಮೆಯಿರುವ, ಬೆಳಕಿಂಡಿಯಿಂದಲೇ ಬೆಳಕು ಪಡೆಯುವ ಮನೆಯಲ್ಲಿ ಅದು ಇಲ್ಲದ ಕಿಟಕಿಯ ಕೆಲಸ ಮಾಡುತ್ತದೆ.

3. ತಂಪು, ದಾರಿ, ಹೊಗೆ

ಪಾಶ್ಚಾತ್ಯೀಕರಣದ ವಾದಕ್ಕೆ ಆಧಾರಗಳಿಲ್ಲವೆಂದಲ್ಲ. ‘ಚಾಂದನಿ’ (1989), ‘ದಿಲ್‌ವಾಲೇ ದುಲ್ಹನಿಯಾ ಲೇ ಜಾಯೇಂಗೇ’ (1995) ಮೊದಲಾದ ಹಿಂದಿ ಚಲನಚಿತ್ರಗಳು ಸ್ವಿಟ್ಜರ್ಲೆಂಡಿನ ಬೆಟ್ಟಗಳನ್ನು ಹಳ್ಳಿಯ ಟೆಂಟ್ ಟಾಕೀಸಿಗೂ ತಂದವು. ಆದರೆ ಪಟವನ್ನು ಕೊಂಡವರು ಅದರಲ್ಲಿ ಸ್ವಿಟ್ಜರ್ಲೆಂಡನ್ನೇ ಕಂಡರೆಂದು ಹೇಳಲು ಅಷ್ಟು ಸಾಲದು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲಿನಲ್ಲಿ ಪರಸಿಯ ಮಾಳಿಗೆ ಹಗಲೆಲ್ಲ ಕಾಯ್ದು ರಾತ್ರಿ ಕಾವು ಬಿಡುತ್ತದೆ. ಅಂಥ ಮನೆಯ ಗೋಡೆಯ ಮೇಲೆ ಹಿಮ ಮತ್ತು ನೀರಿನ ಚಿತ್ರವಿರುವುದಕ್ಕೆ ಪರದೇಶದ ಮೋಹವೊಂದೇ ಕಾರಣವಾಗಬೇಕಿಲ್ಲ. ಕನ್ನಡದಲ್ಲಿ ಒಳಿತನ್ನು ಹೇಳುವ ಮಾತೇ ತಂಪು. ಹರಸುವವರು ಹೊಟ್ಟೆ ತಣ್ಣಗಿರಲಿ ಎನ್ನುತ್ತಾರೆ. ಬಾಳು ತಣ್ಣಗಿರಲಿ ಎನ್ನುತ್ತಾರೆ. ಮನೆ ಚೆನ್ನಾಗಿದೆ ಎಂಬುದಕ್ಕೂ ಮನೆ ತಂಪಾಗಿದೆ ಎಂಬುದಕ್ಕೂ ಬಿಸಿಲಸೀಮೆಯಲ್ಲಿ ಅಂತರ ಕಡಿಮೆ. ಪಟದ ಹಿಮ ಈ ತಂಪಿನ ಮುದ್ರಿತ ರೂಪವೆಂದು ಓದಿದರೆ ಅದು ಹರಕೆಗೆ ಹತ್ತಿರವಾಗುತ್ತದೆ.

ಎರಡನೆಯ ಆಶಯ ದಾರಿ. ಪಟದ ನೋಟಕ ಎಂದೂ ಮನೆಯ ಒಳಗಿಲ್ಲ. ದಾರಿಯ ಈ ತುದಿಯಲ್ಲಿ ನಿಂತು ಆ ತುದಿಯ ಮನೆಯನ್ನು ನೋಡುತ್ತಾನೆ. ಮನೆಯನ್ನು ದೂರದಿಂದ ನೋಡುವ ಈ ದೃಷ್ಟಿ ಕನ್ನಡ ಜನಪದಕ್ಕೆ ಹೊಸದಲ್ಲ. ಹಲಸಂಗಿ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಮೊದಲ್ಗೊಂಡು ಉತ್ತರ ಕರ್ನಾಟಕದ ತ್ರಿಪದಿ ಸಂಗ್ರಹಗಳಲ್ಲಿ ತವರುಮನೆಯನ್ನು ಕುರಿತ ಹಾಡುಗಳಿಗೆ ದೊಡ್ಡ ಪಾಲಿದೆ. ಅಲ್ಲಿ ತವರು ಅಗಲಿಕೆಯಿಂದ ಕಾಣುವ ಮನೆ, ದಾರಿಯ ತುದಿಯ ಮನೆ. ಗಂಡನ ಮನೆಯಲ್ಲಿ ಹೆಣ್ಣು ದುಡಿಯುತ್ತಾಳೆ, ತವರಿನ ಮನೆಯನ್ನು ನೆನೆಯುತ್ತಾಳೆ. ಮನೆ ಎಂಬುದು ನೋಟವಾಗುವುದು ಅದು ಕೈಗೆ ಸಿಗದಿರುವಾಗ. ಹೀಗಾಗಿ ಸೀನರಿಯ ದಾರಿ ಹೆಣ್ಣುಮಕ್ಕಳ ಪಾಲಿಗೆ ಅಪರಿಚಿತವಾದುದಲ್ಲ. ‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯನ್ನೂ ಇಲ್ಲಿ ನೆನೆಯಬೇಕು. ಗಾದೆ ಎಚ್ಚರಿಸುತ್ತದೆ: ನುಣುಪು ದೂರದ ಗುಣ, ಬೆಟ್ಟದ ಗುಣವಲ್ಲ. ಗಾದೆ ಗೊತ್ತಿದ್ದ ಜನರೇ ಪಟವನ್ನೂ ತೂಗಿಹಾಕಿದರು. ಅವರು ಮೋಸಹೋದರೆಂದು ತಿಳಿಯುವುದಕ್ಕಿಂತ, ದೂರಕ್ಕೂ ಒಂದು ಬೆಲೆಯಿದೆಯೆಂದು ತಿಳಿದಿದ್ದರೆನ್ನುವುದು ಸರಿ.

ಮೂರನೆಯದು ಹೊಗೆ, ಅಂದರೆ ಅದರ ಗೈರುಹಾಜರಿ. ಬಹುತೇಕ ಪಟಗಳಲ್ಲಿ ಮನೆಯ ಬಾಗಿಲು ಮುಚ್ಚಿರುತ್ತದೆ, ಮಾಡಿನ ಮೇಲೆ ಹೊಗೆಯಿಲ್ಲ, ಅಂಗಳದಲ್ಲಿ ದನವಿಲ್ಲ. ಜನಪದ ಗ್ರಹಿಕೆಯಲ್ಲಿ ಮನೆಯನ್ನು ಮನೆಯಾಗಿಸುವುದು ಒಲೆ. ಅಣ್ಣತಮ್ಮಂದಿರು ಪಾಲಾದರೆಂಬುದನ್ನು ಬೇರೆ ಒಲೆ ಹೂಡಿದರು ಎನ್ನುತ್ತಾರೆ. ಒಂದೇ ಸೂರಿನಡಿ ಎರಡು ಒಲೆಯಿದ್ದರೆ ಎರಡು ಮನೆ. ಹೊಸ್ತಿಲು, ಒಲೆ, ಹಗೇವು, ದನದ ಕೊಟ್ಟಿಗೆ ಇವು ಮನೆಯ ಲಕ್ಷಣಗಳು, ಮಾಡಿನ ಆಕಾರವಲ್ಲ. ಈ ಅರ್ಥದಲ್ಲಿ ಪಟದ ಮನೆ ಕಟ್ಟಡ ಮಾತ್ರ. ಇಲ್ಲಿ ಕೆ. ಲಕ್ಷ್ಮಾಗೌಡರ ಮುದ್ರಣಚಿತ್ರಗಳೊಂದಿಗೆ ಹೋಲಿಕೆ ಉಪಯುಕ್ತ. ಹಳೆಯ ಮೇದಕ್ ಜಿಲ್ಲೆಯ ನಿಜಾಂಪುರದಲ್ಲಿ 1940ರಲ್ಲಿ ಹುಟ್ಟಿದ ಅವರು ಬರೋಡಾದಲ್ಲಿ ಕಲಿತು ಎಚ್ಚಿಂಗ್ ಮಾಧ್ಯಮದಲ್ಲಿ ದಖ್ಖನಿನ ಹಳ್ಳಿಯನ್ನು ಮತ್ತೆ ಮತ್ತೆ ಕೊರೆದರು. ಚಿಂಚೋಳಿಯಿಂದ ಆ ಸೀಮೆ ದೂರವಲ್ಲ. ನೆಲ, ಬಂಡೆ, ಮರ, ಆಡುಗಳು ಒಂದೇ ಬಗೆಯವು. ಅವರ ಚಿತ್ರಗಳಲ್ಲಿ ಹಳ್ಳಿ ದೇಹಗಳಿಂದ ತುಂಬಿದೆ. ಗಂಡು, ಹೆಣ್ಣು, ಪ್ರಾಣಿ, ಗಿಡ ಒಂದರೊಳಗೊಂದು ಬೆಳೆಯುತ್ತವೆ. ಆ ಮನೆಯನ್ನು ಬಲ್ಲವನು ಒಳಗಿನಿಂದ ಬಲ್ಲ. ವಿಪರ್ಯಾಸವೆಂದರೆ ಒಳಗಿನಿಂದ ಕಂಡ ಮನೆಯ ಚಿತ್ರ ನಗರದ ಗ್ಯಾಲರಿಗೆ ಹೋಯಿತು. ಹೊರಗಿನಿಂದ ಕಂಡ ಮನೆಯ ಚಿತ್ರ ಹಳ್ಳಿಯ ಒಳಗೆ ಬಂದಿತು. ಮನೆಯೊಳಗೆ ಇರುವವರಿಗೆ ಒಳಗಿನ ಚಿತ್ರದ ಅಗತ್ಯ ಬೀಳಲಿಲ್ಲವೆಂದು ಇದನ್ನು ಅರ್ಥೈಸಬಹುದು.

4. ತಾಂಡಾದ ಮನೆ

ಚಂದ್ರಂಪಳ್ಳಿಯ ವಿಶೇಷವೆಂದರೆ ಸೀನರಿಯ ಆಶಯಗಳು ಅಲ್ಲಿ ನೆಲದ ಮೇಲೆಯೇ ಇವೆ. ಗುಡ್ಡಗಳ ನಡುವೆ ಜಲಾಶಯ, ಸುತ್ತ ಎಲೆ ಉದುರುವ ಕಾಡು, ತಾಲ್ಲೂಕಿನಲ್ಲಿಯೇ ಎತ್ತಿಪೋತ ಜಲಪಾತ. ಬಿಸಿಲನಾಡಿನ ಮಲೆನಾಡೆಂಬ ಬಣ್ಣನೆ ಈ ಸೀಮೆಗೆ ಅಂಟಿಕೊಂಡಿದೆ. 2011ರಲ್ಲಿ ಇಲ್ಲಿನ ಸುಮಾರು 135 ಚದರ ಕಿಲೋಮೀಟರ್ ಅರಣ್ಯವನ್ನು ಚಿಂಚೋಳಿ ವನ್ಯಜೀವಿ ಅಭಯಾರಣ್ಯವೆಂದು ಘೋಷಿಸಲಾಯಿತು. ಈ ಕಾಡು, ಗುಡ್ಡಗಳ ನಡುವೆ ಲಂಬಾಣಿ ತಾಂಡಾಗಳಿವೆ. ಪ್ರವಾಸಿಗೆ ನೋಟವಾಗಿರುವುದು ಅವರಿಗೆ ಊರು.

‘ತಾಂಡಾ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಎತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿ ಲದೇಣಿ ವ್ಯಾಪಾರ ನಡೆಸುತ್ತಿದ್ದ ಕಾಲದಲ್ಲಿ ತಾಂಡಾ ಎಂದರೆ ಸಾಗುವ ತಂಡ. ರಸ್ತೆ ಮತ್ತು ರೈಲು ಆ ವ್ಯಾಪಾರವನ್ನು ಕಸಿದ ಮೇಲೆ ತಾಂಡಾ ಎಂದರೆ ನೆಲೆನಿಂತ ಊರು. ಒಂದೇ ಪದ ನಡಿಗೆಯನ್ನೂ ನೆಲೆಯನ್ನೂ ಹೇಳುತ್ತದೆ. ನಾಯಕ, ಕಾರಭಾರಿ, ಸೇವಾಲಾಲರ ಗುಡಿ ಇವು ಇರುವಲ್ಲಿ ತಾಂಡಾ ಇದೆ. ಜಾಗ ಬದಲಾದರೂ ಅದು ತಾಂಡಾವೇ. ಲಂಬಾಣಿ ಮದುವೆಯಲ್ಲಿ ಮದುಮಗಳು ತವರನ್ನು ಬಿಡುವಾಗ ಅತ್ತು ಹಾಡುವ ಢಾವಲೋ ಹಾಡುಗಳ ಸಂಪ್ರದಾಯವಿದೆ. ಎತ್ತಿನ ಬೆನ್ನ ಮೇಲೆ ನಿಂತು ತವರನ್ನು ಹರಸಿ ಹಾಡುವ ಹಾಡಿಗೆ ‘ಹವೇಲಿ’ ಎಂದೇ ಹೆಸರು. ಹವೇಲಿ ಎಂದರೆ ದೊಡ್ಡ ಮನೆ. ಗುಡಿಸಲಿನಿಂದ ಹೊರಟವಳು ಎತ್ತರದಲ್ಲಿ ನಿಂತು ಅದನ್ನು ಹವೇಲಿಯೆಂದು ಹಾಡುತ್ತಾಳೆ. ಬಿಟ್ಟುಹೋಗುವ ಕ್ಷಣದಲ್ಲಿ, ಎತ್ತರದಿಂದ, ಮನೆ ದೊಡ್ಡದಾಗಿ ಕಾಣುವ ಈ ಸಂಪ್ರದಾಯ ಭೂದೃಶ್ಯದ ದೃಷ್ಟಿಕೋನಕ್ಕೆ ಅತ್ಯಂತ ಸಮೀಪವಾದುದು.

ಲದೇಣಿ ನಿಂತರೂ ನಡಿಗೆ ನಿಲ್ಲಲಿಲ್ಲ. ಈ ಭಾಗದ ತಾಂಡಾಗಳಿಂದ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದು ತಲೆಮಾರುಗಳಿಂದ ನಡೆದಿದೆ. ಹಿಂಗಾರು ಕೈಕೊಟ್ಟ ವರ್ಷ ಮನೆಗೆ ಮನೆಯೇ ಹೊರಡುತ್ತದೆ. ಬೀಗ ಹಾಕಿದ ಬಾಗಿಲುಗಳು, ಮುದುಕರು, ಶಾಲೆಗೆ ಹೋಗುವ ಕೆಲವು ಮಕ್ಕಳು ಉಳಿಯುತ್ತಾರೆ. ಆಗ ತಾಂಡಾವೇ ಪಟದಂತಾಗುತ್ತದೆ: ಗುಡ್ಡವಿದೆ, ನೀರಿದೆ, ಮುಚ್ಚಿದ ಬಾಗಿಲಿನ ಮನೆಯಿದೆ, ಹೊಗೆಯಿಲ್ಲ. ನಗರದಲ್ಲಿ ಬೇರೆಯವರ ಮನೆ ಕಟ್ಟುವವರು ತಮ್ಮ ಮನೆಯನ್ನು ವರ್ಷದ ಬಹುಭಾಗ ನೆನಪಿನಲ್ಲಿ ಮಾತ್ರ ಇಟ್ಟುಕೊಳ್ಳುತ್ತಾರೆ. ‘ಮನೆ ಕಟ್ಟಿ ನೋಡು’ ಎಂಬ ಗಾದೆಗೆ ಇವರ ಬದುಕಿನಲ್ಲಿ ಬೇರೆಯೇ ಅರ್ಥ.

ಸೀನರಿ ಪಟದ ಚೌಕಟ್ಟಿನ ಮೂಲೆಗೆ ಪಾಸ್‌ಪೋರ್ಟ್ ಅಳತೆಯ ಭಾವಚಿತ್ರಗಳನ್ನು ಸಿಕ್ಕಿಸುವ ರೂಢಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ದುಡಿಯಲು ಹೋದ ಮಗ, ಮದುವೆಯಾಗಿ ಹೋದ ಮಗಳು, ತೀರಿಹೋದ ತಂದೆ ಗಾಜು ಮತ್ತು ಕಟ್ಟಿನ ಸಂದಿಯಲ್ಲಿ ಬಂದು ನಿಲ್ಲುತ್ತಾರೆ. ನಾಟಕದ ಪರದೆಯ ಮುಂದೆ ಪಾತ್ರ ಬಂದಂತೆ ಖಾಲಿ ದೃಶ್ಯದೊಳಕ್ಕೆ ಮನೆಯವರು ಬರುತ್ತಾರೆ. ಮುದ್ರಕ ಬಿಟ್ಟ ಖಾಲಿಯನ್ನು ಬಳಕೆದಾರರು ತುಂಬುತ್ತಾರೆ. ಪಟದ ಮನೆ ಖಾಲಿಯಿರುವುದರಿಂದಲೇ ಅದು ಯಾರದೂ ಆಗಬಲ್ಲದು. ಅಗ್ಗದ ಅಭಿರುಚಿಯೆಂಬ ತೀರ್ಮಾನ ಈ ಸೃಜನಶೀಲ ಬಳಕೆಯನ್ನು ಗಣಿಸಿಯೇ ಇಲ್ಲ.

5. ಎರಡು ಕಾಗದಗಳು

ಯುರೋಪಿನ ಭೂದೃಶ್ಯ ಕಲೆಗೂ ಭೂಒಡೆತನಕ್ಕೂ ಇರುವ ನಂಟನ್ನು ಜಾನ್ ಬರ್ಜರ್ ‘ವೇಸ್ ಆಫ್ ಸೀಯಿಂಗ್’ (1972) ಕೃತಿಯಲ್ಲಿ ಎತ್ತಿ ತೋರಿಸಿದರು. ಗೇನ್ಸ್‌ಬರೋ 1750ರ ಸುಮಾರಿಗೆ ಬರೆದ ಆಂಡ್ರೂಸ್ ದಂಪತಿಗಳ ಚಿತ್ರದಲ್ಲಿ ಹಿಂದೆ ಕಾಣುವ ಹೊಲ ಅವರದೇ ಹೊಲ. ನೋಟ ಅಲ್ಲಿ ಒಡೆತನದ ಇನ್ನೊಂದು ಹೆಸರು. ಸೀನರಿ ಪಟಕ್ಕೆ ಈ ವಿವರಣೆಯನ್ನು ಹೊಂದಿಸಲಾಗದು. ಅದನ್ನು ತೂಗಿದ ಅನೇಕರ ಕಾಲಡಿಯ ನೆಲ ಕಾಗದದಲ್ಲಿ ಅವರದಾಗಿರಲಿಲ್ಲ. ಕಂದಾಯ ದಾಖಲೆಗಳಲ್ಲಿ ಎಷ್ಟೋ ತಾಂಡಾಗಳು ಊರೇ ಅಲ್ಲ. ಸರ್ಕಾರಿ ಅಥವಾ ಖಾಸಗಿ ಜಮೀನಿನ ಮೇಲಿನ ದಾಖಲೆರಹಿತ ವಸತಿಗಳು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1475 ಇಂಥ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ, 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರಗಳ ವಿತರಣೆ ನಡೆಯಿತು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟದಲ್ಲಿ ತಾಂಡಾದ ಮನೆ ಮೊದಲ ಬಾರಿಗೆ ಮುದ್ರಿತ ಕಾಗದವೊಂದರಲ್ಲಿ ಹೆಸರು ಪಡೆಯಿತು.

ಹೀಗೆ ತಾಂಡಾದ ಮನೆಗೆ ಎರಡು ಮುದ್ರಿತ ಕಾಗದಗಳು ಬಂದಿವೆ. ಮೊದಲನೆಯದರಲ್ಲಿ ಮನೆಯಿದೆ, ಹೆಸರಿಲ್ಲ. ಎರಡನೆಯದರಲ್ಲಿ ಹೆಸರಿದೆ, ಅಳತೆಯಿದೆ, ಮನೆಯ ರೂಪವಿಲ್ಲ. ಮೊದಲನೆಯದು ಗೋಡೆಯ ಮೇಲೆ, ಎರಡನೆಯದು ಪೆಟ್ಟಿಗೆಯಲ್ಲಿ. ಎರಡೂ ಮನೆಯ ಬಗ್ಗೆ ಭರವಸೆ ಕೊಡುತ್ತವೆ. ಒಂದನ್ನು ಇನ್ನೊಂದರ ಬದಲಿಗೆ ಬಳಸಲಾಗದು. ಚಿತ್ರದ ಭರವಸೆಯಿಂದ ಸಾಲ ಸಿಗದು. ಹಕ್ಕುಪತ್ರದ ಭರವಸೆಯಿಂದ ಗುಳೆ ನಿಲ್ಲದು. ಅಭಯಾರಣ್ಯದೊಳಗಿನ ತಾಂಡಾಗಳ ಪ್ರಶ್ನೆ ಇದಕ್ಕಿಂತ ಜಟಿಲ. ಅಲ್ಲಿ ಕಾಡಿನ ಉಳಿವು ಮತ್ತು ವಸತಿಯ ಉಳಿವು ಎದುರುಬದುರಾಗಿ ಚರ್ಚೆಗೆ ಬಂದಿವೆ. ಕಾಡಿನ ರಕ್ಷಣೆಯ ಅಗತ್ಯವನ್ನು ಅಲ್ಲಗಳೆಯದೆಯೇ ಒಂದು ಮಾತನ್ನು ಹೇಳಬಹುದು: ಸುಂದರ ಭೂದೃಶ್ಯವೆಂದರೆ ಮನುಷ್ಯರಿಲ್ಲದ ಭೂದೃಶ್ಯವೆಂಬ ಗ್ರಹಿಕೆ ಪ್ರಕೃತಿಯಿಂದ ಬಂದುದಲ್ಲ. ಅದನ್ನು ಕಲಿಸಿದ್ದರಲ್ಲಿ ಮುದ್ರಿತ ಚಿತ್ರಗಳ ಪಾಲೂ ಇದೆ. ಸೀನರಿ ಪಟದ ಖಾಲಿ ಮನೆಯನ್ನು ತಾಂಡಾದವರು ತಮ್ಮವರ ಮುಖಗಳಿಂದ ತುಂಬಿದರು; ಪ್ರವಾಸೋದ್ಯಮದ ಚಿತ್ರಗಳು ಚಂದ್ರಂಪಳ್ಳಿಯ ದೃಶ್ಯದಿಂದ ಅದೇ ಮುಖಗಳನ್ನು ಹೊರಗಿಡುತ್ತವೆ.

ಸಮಾರೋಪ

ಆಫ್‌ಸೆಟ್ ಸೀನರಿಯ ಕಾಲ ಬಹುಮಟ್ಟಿಗೆ ಮುಗಿದಿದೆ. ವಾಡಿ, ಸೇಡಂಗಳ ಕಾರ್ಖಾನೆಗಳಲ್ಲಿ ಅದೇ ಸುಣ್ಣಕಲ್ಲು ಸಿಮೆಂಟಾಗಿ, ಪರಸಿಯ ಮನೆಗಳ ಜಾಗದಲ್ಲಿ ಕಾಂಕ್ರೀಟ್ ಮನೆಗಳು ಏಳುತ್ತಿವೆ. ಬೆಟ್ಟ, ನೀರು, ಮನೆಗಳ ಜೋಡಣೆ ಈಗ ಗೋಡೆಯ ಹೆಂಚಿನ ಮೇಲೆ, ಫ್ಲೆಕ್ಸ್ ಹಾಳೆಯ ಮೇಲೆ, ಮೊಬೈಲಿನ ಪರದೆಯ ಮೇಲೆ ಮುಂದುವರಿದಿದೆ. ಹಳೆಯ ಪಟಗಳು ಗೆದ್ದಲು ಹಿಡಿದು, ಮನೆ ಕೆಡವುವಾಗ ಕಸವಾಗಿ ಹೋಗುತ್ತಿವೆ. ಅವುಗಳನ್ನು ಸಂಗ್ರಹಿಸುವಾಗ ಕಾಗದವನ್ನಷ್ಟೇ ಉಳಿಸಿದರೆ ಸಾಲದು. ಯಾವ ಗೋಡೆಯ ಮೇಲಿತ್ತು, ಪಕ್ಕದಲ್ಲಿ ಏನಿತ್ತು, ಚೌಕಟ್ಟಿನಲ್ಲಿ ಯಾರ ಭಾವಚಿತ್ರವಿತ್ತು ಎಂಬ ವಿವರಗಳನ್ನೂ ದಾಖಲಿಸಬೇಕು. ಚೌಕಟ್ಟಿನಿಂದ ಭಾವಚಿತ್ರ ತೆಗೆದು ಶುಚಿಗೊಳಿಸಿದ ಪಟ ವಸ್ತುಸಂಗ್ರಹಾಲಯದಲ್ಲಿ ಚೆನ್ನಾಗಿ ಕಂಡೀತು, ಆದರೆ ಅದರ ಅರ್ಧ ಪಠ್ಯ ಅಳಿದಿರುತ್ತದೆ.

ಮನೆಯೆಂದರೆ ಒಲೆ ಉರಿಯುವ ಸ್ಥಳವೆಂಬ ಜನಪದ ಗ್ರಹಿಕೆಯನ್ನು ಈ ಮುದ್ರಣಗಳು ಅಳಿಸಲಿಲ್ಲ. ಒಲೆ ಆರಿದ ತಿಂಗಳುಗಳಲ್ಲಿ ಮನೆಯನ್ನು ನೆನಪಿಟ್ಟುಕೊಳ್ಳುವ ಒಂದು ರೂಪವನ್ನು ಅದಕ್ಕೆ ಕೂಡಿಸಿದವು. ತವರಿನ ಹಾಡು, ಎತ್ತಿನ ಬೆನ್ನ ಮೇಲಿನ ಹವೇಲಿ ಮಾಡಿದ ಕೆಲಸವನ್ನೇ ಅಗ್ಗದ ಬಣ್ಣದ ಕಾಗದ ಮುಂದುವರಿಸಿತು. ಚಂದ್ರಂಪಳ್ಳಿಯ ತಾಂಡಾದ ಗೋಡೆಯ ಮೇಲಿನ ಹಿಮದ ಬೆಟ್ಟವನ್ನು ಹೀಗೆ ಓದಿದಾಗ ಅದು ಪರದೇಶದ ಚಿತ್ರವಾಗಿ ಉಳಿಯುವುದಿಲ್ಲ. ದೂರ ಹೋದವರು ಹಿಂದಿರುಗಬೇಕಾದ ಮನೆಯ ಗುರುತಾಗುತ್ತದೆ.